ಬೆಲ್ ಐಲ್ಯಾಂಡ್‌ನ ಯುದ್ಧದಲ್ಲಿ ಮುಳುಗಿದ ಹಡಗುಗಳು, ನೀರು ತುಂಬಿದ ಗಣಿ: ಡೈವಿಂಗ್‌ಗೆ ಇಳಿಯೋ ಮುಂಚೆ ಏನು ಕಲಿಬೇಕು

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಹತ್ರ ಇರೋ ಬೆಲ್ ಐಲ್ಯಾಂಡ್‌ನಲ್ಲಿ ಯುದ್ಧದಲ್ಲಿ ಮುಳುಗಿದ ಹಡಗುಗಳೂ ಇವೆ, ಆ ಹಡಗುಗಳು ತುಂಬ್ಕೊಂಡಿದ್ದ ಕಬ್ಬಿಣದ ಅದಿರು ಬಂದ ಗಣಿನೂ ಇದೆ. 1942ರಲ್ಲಿ ಜರ್ಮನ್ ಸಬ್‌ಮರೀನ್‌ಗಳು ಎರಡು ಸಲ ಬಂದು ಸಾಗನಾಗ, ಲಾರ್ಡ್ ಸ್ಟ್ರಾತ್ಕೋನ, ರೋಸ್ ಕ್ಯಾಸಲ್, ಪಿಎಲ್‌ಎಂ 27 ಅನ್ನೋ ನಾಲ್ಕು ಹಡಗು ಮುಳುಗಿಸಿದ್ವು, 69 ಜನ ಸತ್ರು. ಗಣಿ 1966ರಲ್ಲಿ ಮುಚ್ತು, ಪಂಪ್ ನಿಂತ ಮೇಲೆ ನೀರು ತುಂಬ್ಕೊಂಡಿದೆ.

ಹಡಗಿಂದಾನೇ ಶುರು ಮಾಡಿ, ಅದೂ ಹೊರಗಡೆಯಿಂದ. ಪಿಎಲ್‌ಎಂ 27 ನಾಲ್ಕರಲ್ಲಿ ಕಡಿಮೆ ಆಳದಲ್ಲಿದೆ, ರೋಸ್ ಕ್ಯಾಸಲ್ ಎಲ್ಲಕ್ಕಿಂತ ಆಳ, ಅದರ ರೇಡಿಯೋ ರೂಮ್‌ನಲ್ಲಿ ಮಾರ್ಕೋನಿ ರೇಡಿಯೋ ಸೆಟ್ ನೋಡ್ಬೇಕು ಅಂತ ಎಲ್ರಿಗೂ ಆಸೆ, ಆದ್ರೆ ಅಷ್ಟು ಆಳಕ್ಕೆ ಟ್ರೇನಿಂಗ್ ಆಗಿರ್ಲೇಬೇಕು. ನೀರು ಕೊರೆಯೋ ಥಂಡಿ, ಹಾಗಾಗಿ ಒಳಗೆ ನೀರು ಬರದ ಡ್ರೈಸೂಟ್ ಬೇಕೇ ಬೇಕು, ಸಿಲಿಂಡರ್‌ನ ಗಾಳಿನ ಉಸಿರಾಡೋಕೆ ಕೊಡೋ ರೆಗ್ಯುಲೇಟರ್ ಕೂಡ ಥಂಡಿ ನೀರಿಗೆ ಅಂತಾನೇ ಮಾಡಿದ್ದಿರ್ಬೇಕು, ಇಲ್ಲಾಂದ್ರೆ ಒಳಗೆ ಐಸ್ ಕಟ್ಟಿ ಗಾಳಿ ನಿಲ್ಲದೆ ಬುಸುಬುಸು ಹರಿದು ಸಿಲಿಂಡರ್ ನೋಡ್ತಾ ನೋಡ್ತಾ ಖಾಲಿಯಾಗುತ್ತೆ. ದಪ್ಪ ಗ್ಲೌಸ್ ಹಾಕ್ಕೊಂಡು ಲೈನ್ (ವಾಪಸ್ ದಾರಿ ತೋರ್ಸೋ ಹಗ್ಗ) ಸುತ್ತಿರೋ ರೀಲ್ ತಿರುಗಿಸೋದು, ವಾಲ್ವ್ ಮುಚ್ಚೋದು ಮೊದಲೇ ಪ್ರಾಕ್ಟೀಸ್ ಮಾಡಿ. ಒಳಗಿರೋ ಒಂದು ಲೋಟ ಕೂಡ ಮುಟ್ಬೇಡಿ, ಇದು ಜನ ಪ್ರಾಣ ಬಿಟ್ಟ ಜಾಗ.

ಗಣಿ ವಿಷಯಾನೇ ಬೇರೆ. ಅಲ್ಲಿಗೆ ಕೇವ್ ಡೈವಿಂಗ್ (ನೀರು ತುಂಬಿದ ಗುಹೆಯೊಳಗೆ ಡೈವ್ ಮಾಡೋ) ಕೋರ್ಸ್ ಪೂರ್ತಿ ಆಗಿರ್ಬೇಕು, ಹಡಗು ಡೈವ್ ಮಾಡಿದ ಅನುಭವ ಎಷ್ಟೇ ಇದ್ರೂ ಅದು ಇದಕ್ಕೆ ಸಾಲಲ್ಲ, ಯಾಕಂದ್ರೆ ತೊಂದ್ರೆ ಆದ್ರೆ ಮೇಲಕ್ಕೆ ಹೋಗೋಕೆ ದಾರಿನೇ ಇಲ್ಲ, ಬಂದ ದಾರೀಲೇ ವಾಪಸ್ ಬರ್ಬೇಕು. ಗಾಳಿ ಲೆಕ್ಕ ಮೂರು ಪಾಲು: ಸಿಲಿಂಡರ್‌ನಲ್ಲಿ 210 ಬಾರ್ ಒತ್ತಡ ಇದ್ರೆ 70 ಒಳಗೆ ಹೋಗೋಕೆ, 70 ಬರೋಕೆ, ಉಳಿದ 70 ನಿಮಗೋ ಜೊತೆಗಾರರಿಗೋ ಗಾಳಿ ಕೈಕೊಟ್ಟಾಗ. ಗೇಜ್ 140 ತೋರ್ಸಿದ್ ತಕ್ಷಣ, ಮುಂದೆ ಏನೇ ಕಾಣ್ತಿದ್ರೂ ತಿರುಗಿ. ಪ್ರತಿಯೊಬ್ಬರ ಹತ್ರ ಮೂರು ಲೈಟ್ ಇರ್ಲಿ. ಬೆಳಕು ಕಾಣೋ ಜಾಗದಲ್ಲೇ ಲೈನ್‌ನ ಮೊದಲನೇ ಗಂಟು ಹಾಕಿ, ಸ್ವಲ್ಪ ಒಳಗೆ ಇನ್ನೊಂದು, ಆಮೇಲೆ ಲೈನ್ ಬಿಗಿಯಾಗಿ ಇಟ್ಕೊಂಡೇ ಹೋಗಿ. ದಾರಿ ಕವಲಾಗೋ ಕಡೆ ಲೈನ್‌ಗೆ ಬಾಣದ ಮಾರ್ಕರ್ ಹಾಕಿ, ಬಾಣ ಯಾವಾಗ್ಲೂ ಹೊರಗಿನ ಕಡೆಗೇ ಮುಖ ಮಾಡಿರ್ಬೇಕು.

ಕಾಲು ಮೇಲೆ ಕೆಳಗೆ ಬಡೀಬೇಡಿ, ಕಪ್ಪೆ ಥರ ಪಕ್ಕಕ್ಕೆ ತಳ್ಳಿ, ತಳದಲ್ಲಿ ಕೂತಿರೋ ಸಣ್ಣ ಕೆಸರು ಒಂದ್ಸಲ ಎದ್ರೆ ಕೈಯಲ್ಲಿರೋ ಲೈಟೂ ಕಾಣಲ್ಲ. ಇನ್ನೊಂದು, ಬಿಟ್ಟ ಉಸಿರಿನ ಗುಳ್ಳೆ ಚಾವಣಿಗೆ ತಗುಲಿ ಅಲ್ಲಿಂದ ತುಕ್ಕು, ಕಲ್ಲಿನ ಚೂರು ಉದುರುತ್ತೆ, ನೀವು ಅಲ್ಲಾಡ್ದೆ ಇದ್ರೂ ನೀರು ಕದಡುತ್ತೆ, ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಮತ್ತೆ ಕೊಡೋ, ಗುಳ್ಳೆ ಬಿಡದ ರೀಬ್ರೀದರ್ ಗಣಿಗೆ ಒಳ್ಳೇದು ಅನ್ನೋದು ಇದಕ್ಕೇ.

ಏನೂ ಕಾಣ್ದೆ ಹೋದ್ರೆ ಹುಡುಕಾಡ್ಬೇಡಿ. ಹೆಬ್ಬೆರಳು ತೋರುಬೆರಳು ಸೇರಿಸಿ ಲೈನ್ ಸುತ್ತ ಉಂಗುರ ಮಾಡ್ಕೊಳ್ಳಿ, ಇನ್ನೊಂದು ಕೈಯಿಂದ ಮುಂದಿರೋರ ತೋಳು ಹಿಡೀರಿ, ಹಿಂದಿರೋರು ತೋಳನ್ನ ಮುಂದಕ್ಕೆ ತಳ್ಳಿದ್ರೆ ನಡೀರಿ, ಅಮುಕಿ ಹಿಡಿದ್ರೆ ನಿಲ್ಲಿ ಅನ್ನೋ ಥರ ಮೊದಲೇ ಮಾತಾಡ್ಕೊಂಡಿರಿ, ಸಿಕ್ಕಿದ ಪ್ರತೀ ಬಾಣಾನ ಬೆರಳಲ್ಲಿ ಸವರಿ ತುದಿ ಯಾವ ಕಡೆ ಇದೆ ನೋಡ್ಕೊಂಡು ಆ ಕಡೆಗೇ ಬನ್ನಿ.