ಕಾದಂಬರಿಯಲ್ಲಿ ಇಲ್ಲದ ಸನ್ನಿವೇಶಕ್ಕೆ ತಾಳಮದ್ದಳೆ: ನನ್ನ ಅನುಭವ

"ಇಂಗ್ಲಿಷ್ ಕಾದಂಬರಿಗೆ ಅರ್ಥ ಹೇಳುವುದೇ? ಆಗದ ಮಾತು" ಎಂದು ನನ್ನನ್ನು ಎಚ್ಚರಿಸಿದವರು ಉಡುಪಿ ರಥಬೀದಿಯ ಸುತ್ತಮುತ್ತ ಇನ್ನೂ ಇದ್ದಾರೆ. ಅವರಲ್ಲಿ ಮೂರ್ನಾಲ್ಕು ಮಂದಿ ಕಳೆದ ಮಳೆಗಾಲದಲ್ಲಿ ನಮ್ಮ ಕೂಟಕ್ಕೆ ಬಂದು, ಮಂಗಳ ಪದ್ಯದ ತನಕ ಕುಳಿತು, ಗೋಳಿಬಜೆ ತಿಂದು, "ಪರವಾಗಿಲ್ಲ" ಎಂದು ಹೇಳಿ ಹೋದರು. ನಮ್ಮ ಕಡೆ 'ಪರವಾಗಿಲ್ಲ' ಎಂದರೆ ಎಷ್ಟು ಎಂಬುದು ಬಲ್ಲವರಿಗೆ ಗೊತ್ತು. ಆದ್ದರಿಂದ ಒಂದು ಇಂಗ್ಲಿಷ್ ಕಾದಂಬರಿಯನ್ನು ತಾಳಮದ್ದಳೆಗೆ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತಲ್ಲೇ ಭಾಗವತರು ಹಾಡುವ ಪದ್ಯಕ್ಕೆ ಆಶುವಾಗಿ ಮಾತು ಹೆಣೆದು 'ಅರ್ಥ ಹೇಳುವ' ಯಕ್ಷಗಾನ ಕೂಟಕ್ಕೆ, ಹೇಗೆ ತಂದೆವು ಎಂದು ಬರೆದಿಡುತ್ತಿದ್ದೇನೆ. ಪೀಠಿಕೆ ಎಂದರೇನು, ಪದ್ಯ ಎತ್ತುವುದು ಹೇಗೆ ಎಂಬುದನ್ನೆಲ್ಲ ವಿವರಿಸುವುದಿಲ್ಲ. ಇದನ್ನು ಓದುವವರು ಒಂದಿಲ್ಲೊಂದು ಕೂಟದಲ್ಲಿ ತೊಡೆ ಜೋಮು ಹಿಡಿಸಿಕೊಂಡವರೇ.

ಪುಸ್ತಕ ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್'. 1954-55ರಲ್ಲಿ ಮೂರು ಸಂಪುಟಗಳಾಗಿ ಬಂದದ್ದು, ಶತ್ರುವಿನ ಮಾಯದ ಉಂಗುರವೊಂದನ್ನು ನಾಶಮಾಡುವ ಕಥೆ. ಓದಿದವರಿಗೆ ಅದರ ಒಂದು ಚಾಳಿ ಗೊತ್ತಿದೆ: ಎಷ್ಟೋ ದೊಡ್ಡ ಸಂಗತಿಗಳು ತೆರೆಯ ಹಿಂದೆ ನಡೆದುಹೋಗುತ್ತವೆ. ನಡೆದಾಡುವ ಮರಗಳು ಮಾಂತ್ರಿಕನ ಕೋಟೆ ಐಸೆನ್‌ಗಾರ್ಡನ್ನು ಪುಡಿಗಟ್ಟಿದ್ದನ್ನು ಇಬ್ಬರು ಹಾಬಿಟ್‌ಗಳು, ಅಂದರೆ ಗಿಡ್ಡ ಜನಾಂಗದವರು, ಊಟ ಮುಗಿಸಿ ಪೈಪ್ ಸೇದುತ್ತ ಹೇಳುತ್ತಾರೆ. ಸಿಂಹಾಸನದ ವಾರಸುದಾರ ಅರಗಾರ್ನ್ ಸತ್ತವರ ಸೇನೆಯೊಂದಿಗೆ ಪೆಲಾರ್ಗಿರ್ ಬಂದರಿನಲ್ಲಿ ಹಡಗುಗಳನ್ನು ಹಿಡಿದದ್ದು ಅವನ ಜೊತೆಗಾರರಾದ ಲೆಗೊಲಾಸ್ ಮತ್ತು ಗಿಮ್ಲಿಯ ಬಾಯಿಂದ ಬರುತ್ತದೆ. ಉತ್ತರದಲ್ಲಿ ಡೇಲ್ ನಗರದ ಯುದ್ಧ, ಮುದುಕ ದೊರೆ ಡೇನ್ ಬಿದ್ದದ್ದು, ಇದೆಲ್ಲ ಅನುಬಂಧದಲ್ಲಿ ಕೆಲವೇ ಸಾಲು. ಹಾಗಾಗಿ ಆ ಪುಸ್ತಕವನ್ನು ಮೆಚ್ಚಿದ ಪ್ರತಿಯೊಬ್ಬನ ಬಳಿಯೂ 'ಇದೊಂದನ್ನು ಬರೆಯಬೇಕಿತ್ತು' ಎಂಬ ಪಟ್ಟಿ ಇರುತ್ತದೆ. ಮಣಿಪಾಲದ ಕೆಲವು ವಿದ್ಯಾರ್ಥಿಗಳು, ಇಬ್ಬರು ಬ್ಯಾಂಕಿನವರು, ನಿವೃತ್ತ ಸಂಸ್ಕೃತ ಮೇಷ್ಟ್ರು ಮತ್ತು ನಾನು ಸೇರುವ ನಮ್ಮ ಓದಿನ ಬಳಗದಲ್ಲಿ ಆ ಪಟ್ಟಿ ನೋಟ್‌ಬುಕ್ಕಿನ ಎರಡು ಪುಟ ದಾಟಿತ್ತು.

ಮೊದಲು ಕಥೆ ಬರೆದೆವು. ಜೆರಾಕ್ಸ್ ತೆಗೆಸಿ, ಸ್ಪೈರಲ್ ಹಾಕಿಸಿ, ಬಳಗಕ್ಕೆ ಹಂಚಿದೆವು. ಸುಮಾರು 3,000 ರೂಪಾಯಿ ಹೋಯಿತು. ಓದಿದವರು ಯಾರೆಂದು ಕೇಳಿದರೆ ಬರೆದವರು ಮಾತ್ರ ಕೈ ಎತ್ತಿದರು. ಆಮೇಲೆ ನಾಟಕ. ಬಾಡಿಗೆ ಸಭಾಂಗಣ, ಥರ್ಮೋಕೋಲ್ ಕೋಟೆ, ಖಡ್ಗಕ್ಕೆ ಬೆಳ್ಳಿ ಬಣ್ಣ, ಸೆಣಬಿನ ಗಡ್ಡ. 22,000ದ ಹತ್ತಿರ ಹತ್ತಿರ. ಮಾತುಗಳನ್ನು ಬಾಯಿಪಾಠ ಮಾಡಿದ್ದ ಹುಡುಗರು ಈ ಕಾದಂಬರಿಯ ಸಿನಿಮಾದ ನಟರನ್ನು ಅನುಕರಿಸುತ್ತಿದ್ದರು. ಸಿನಿಮಾಕ್ಕೆ ನೂರಾರು ಕೋಟಿ ಸುರಿದವರ ಎದುರು ನಮ್ಮ ಥರ್ಮೋಕೋಲ್ ಎಷ್ಟು ಹೊತ್ತು ನಿಂತೀತು? ಮಳೆಯ ಸದ್ದಿಗೆ ಅರ್ಧ ಮಾತು ಕೇಳಿಸಲೇ ಇಲ್ಲ, ಉಳಿದರ್ಧ ಕೇಳಿಸದಿದ್ದರೇ ಚೆನ್ನಾಗಿತ್ತು.

ತಾಳಮದ್ದಳೆಯ ಯೋಚನೆ ಬಂದದ್ದು ಲೆಕ್ಕ ನೋಡಿದಾಗ. ವೇಷ ಬೇಡ, ರಂಗಸಜ್ಜಿಕೆ ಬೇಡ, ಚಾವಡಿ ಸಾಕು. ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಮೇಲೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುವುದರಿಂದ ಹಾಡು, ಚೆಂಡೆ, ಮದ್ದಳೆಯ ಹಿಮ್ಮೇಳದವರು ಸಿಗುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ಪದ್ಯದಲ್ಲಿ ಇಲ್ಲದ್ದನ್ನು ಸೃಷ್ಟಿಸಿ ಹೇಳುವುದೇ ಅರ್ಥಗಾರಿಕೆಯ ಕೆಲಸವಲ್ಲವೇ! ಕವಿ ನಾಲ್ಕು ಸಾಲಿನಲ್ಲಿ ದಾಟಿಸಿದ ಕಡೆ ವಾಲಿಯೋ ಕರ್ಣನೋ ಅರ್ಧ ಗಂಟೆ ನಿಂತು ಮಾತಾಡುವುದನ್ನು ನಾವು ತಲೆತಲಾಂತರದಿಂದ ಕೇಳುತ್ತ ಬಂದಿದ್ದೇವೆ. ಓದುಗರು ಬಯಸುವ 'ಬಿಟ್ಟುಹೋದ ಸನ್ನಿವೇಶ'ಕ್ಕೆ ಇದಕ್ಕಿಂತ ಹದವಾದ ಪ್ರಕಾರ ಇನ್ನೆಲ್ಲಿದೆ?

ಹದ ಸಿಗುವ ತನಕ ಪಟ್ಟ ಪಾಡು ಬೇರೆ. ಹುಡುಗರ ಒತ್ತಾಯಕ್ಕೆ ಮೊದಲು ಎತ್ತಿಕೊಂಡದ್ದು ಪೆಲಾರ್ಗಿರ್. ಚೆಂಡೆಗೆ ಒಳ್ಳೆಯ ಅವಕಾಶ ಎಂದುಕೊಂಡಿದ್ದೆವು. ಏರುಪದ್ಯ, ಅಂದರೆ ಯುದ್ಧದ ಹಾಡು, ಜೋರಾಗಿ ಬಂತು, ಚೆಂಡೆಯ ಬಿಡ್ತಿಗೆಯೂ ಆಯಿತು. ಆಮೇಲೆ? ಅಲ್ಲಿ ಸತ್ತವರ ಸೇನೆಗೆ ಭಯವೇ ಆಯುಧ. ಶತ್ರುಗಳು ಕಂಡ ಕೂಡಲೇ ನೀರಿಗೆ ಹಾರುತ್ತಾರೆ. ಒಬ್ಬ ಎದುರಾಳಿಯೂ ನಿಂತು ಮಾತಾಡುವುದಿಲ್ಲ. ಅರಗಾರ್ನ್ ಪಾತ್ರದ ಬ್ಯಾಂಕಿನವರು ಹತ್ತು ನಿಮಿಷ ಒಬ್ಬರೇ ಮಾತಾಡಿ, ನೀರು ಕುಡಿದು, ಭಾಗವತರ ಮುಖ ನೋಡಿದರು. ಓದುಗರು ಹೆಚ್ಚು ಹಂಬಲಿಸುವ ಯುದ್ಧಗಳೆಲ್ಲ ಚಾವಡಿಯಲ್ಲಿ ಸೋಲುತ್ತವೆ ಎಂಬುದು ಅಲ್ಲಿಗೆ ಖಚಿತವಾಯಿತು. ನಮಗೆ ಬೇಕಾದದ್ದು ಇಬ್ಬರ ಬಳಿಯೂ ನ್ಯಾಯ ಇರುವ ಜಗಳ.

ಇನ್ನೊಂದು ಕೂಟದಲ್ಲಿ ಹೆಸರುಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿ ನೋಡಿದೆವು. ಊರಿಗೆ ಶ್ವೇತಪುರಿ, ಆಳುವವನಿಗೆ ದಂಡಧರ. ಹಿರಿಯರು ಕಥೆ ಕೇಳುವುದನ್ನು ಬಿಟ್ಟು ಇದು ಯಾವ ಪುರಾಣದ್ದು, ಸ್ಕಾಂದವೇ ಭಾಗವತವೇ ಎಂದು ಪಕ್ಕದವರನ್ನು ಕೇಳತೊಡಗಿದರು. ಮೂಲದ ಹೆಸರುಗಳನ್ನೇ ಇಟ್ಟು ಕೊನೆಗೊಂದು ಸ್ವರ ಸೇರಿಸಿದರೆ ಸಾಕು. ಅಣ್ಣ ಬೊರೊಮಿರ, ತಮ್ಮ ಫರಾಮಿರ, ಅವರ ತಂದೆ ಡೆನೆಥೋರ. ಮೇಷ್ಟ್ರು ಮಾತ್ರೆ ಎಣಿಸಿ ನೋಡಿದರೆ ಬೊರೊಮಿರ ಸರಿಯಾಗಿ ನಾಲ್ಕು, ಭಾಮಿನಿ ಷಟ್ಪದಿಯ ನಾಲ್ಕರ ಗಣಕ್ಕೆ ತಾನಾಗಿ ಕೂರುತ್ತಾನೆ. ಫರಾಮಿರನೂ ಡೆನೆಥೋರನೂ ಐದೈದು, ವಾರ್ಧಕಕ್ಕೆ ಹೇಳಿ ಮಾಡಿಸಿದ್ದು. ತಂದೆ ಮೆಚ್ಚದ ಮಗನೇ ತಂದೆಯ ಗಣದಲ್ಲಿ ಬಂದ! ಮೇಷ್ಟ್ರಿಗೆ ಆ ದಿನವಿಡೀ ಅದೇ ಖುಷಿ.

ಕೊನೆಗೆ ನಿಂತದ್ದು ಈ ಸನ್ನಿವೇಶಕ್ಕೆ. ಗೊಂಡೋರ್ ರಾಜ್ಯದ ಪಾರುಪತ್ಯಗಾರ ಡೆನೆಥೋರ. ದೊರೆಯಿಲ್ಲದ ಸಿಂಹಾಸನ ಮೇಲೆ, ಅದರ ಮೆಟ್ಟಿಲ ಬುಡದ ಕಪ್ಪು ಕಲ್ಲಿನ ಪೀಠದಲ್ಲಿ ಇವನು. ಇಬ್ಬರು ಮಕ್ಕಳು, ಐದು ವರ್ಷದ ಅಂತರ. ಚಿಕ್ಕವನು ಫರಾಮಿರನಿಗೆ ಒಂದು ಕನಸು ಬೀಳುತ್ತದೆ: ಮುರಿದ ಖಡ್ಗವನ್ನು ಹುಡುಕು, ಅದು ಇಮ್ಲಾಡ್ರಿಸ್‌ನಲ್ಲಿದೆ ಎಂಬ ಅರ್ಥದ್ದು. ಅವನಿಗೆ ಅದು ಮತ್ತೆ ಮತ್ತೆ ಬೀಳುತ್ತದೆ, ದೊಡ್ಡವನು ಬೊರೊಮಿರನಿಗೆ ಒಂದೇ ಸಲ. ಆ ದೂರದ ಕಣಿವೆಗೆ ಯಾರು ಹೋಗಬೇಕು? ಪುಸ್ತಕದಲ್ಲಿ ಬೊರೊಮಿರ ಆ ಕಣಿವೆ ತಲುಪಿ, ಅಲ್ಲಿನ ಸಭೆಯಲ್ಲಿ ಇದನ್ನು ಕೆಲವು ವಾಕ್ಯಗಳಲ್ಲಿ ಮುಗಿಸುತ್ತಾನೆ: ತಮ್ಮ ಹೊರಟಿದ್ದ, ದಾರಿ ಅಪಾಯದ್ದು ಎಂದು ನಾನೇ ವಹಿಸಿಕೊಂಡೆ, ತಂದೆಗೆ ಮನಸ್ಸಿರಲಿಲ್ಲ. ಅಷ್ಟೇ. ಆದರೆ ಆ ಮಾತುಕತೆಯಲ್ಲಿ ಇಡೀ ಮನೆತನದ ನಾಶ ಕೂತಿದೆ. ದೊಡ್ಡವನು ಹೋಗಿ ಸಾಯುತ್ತಾನೆ. ಮುಂದೊಂದು ದಿನ ತಂದೆ ಚಿಕ್ಕವನ ಮುಖಕ್ಕೇ, ನಿಮ್ಮಿಬ್ಬರ ಜಾಗ ಅದಲುಬದಲಾಗಿದ್ದರೆ ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳುತ್ತಾನೆ. ಇಂಥ ಮೂರು ಪಾತ್ರಗಳಿರುವ ಸಭೆಯನ್ನು ಲೇಖಕರು ಬರೆಯದೆ ಬಿಟ್ಟದ್ದು ನಮ್ಮ ಪುಣ್ಯ.

ಇಲ್ಲಿಯೇ ನಮ್ಮ ಕೂಟದ ಹಿರಿಯ ಅರ್ಥಧಾರಿಯೊಬ್ಬರು ಅಡ್ಡ ಬಂದರು. ಅವರ ಆಕ್ಷೇಪ ಹಗುರವಾದದ್ದಲ್ಲ. "ಕರ್ಣ ಸಾಯುತ್ತಾನೆಂದು ಕೇಳುವವನಿಗೆ ಮೊದಲೇ ಗೊತ್ತು. ಅದಕ್ಕೇ ಕರ್ಣಭೇದನದಲ್ಲಿ ಕೃಷ್ಣನ ಒಂದೊಂದು ಮಾತೂ ತೂಗುತ್ತದೆ. ನಿಮ್ಮ ಬೊರೊಮಿರ ಯಾರೆಂದು ಕಟಪಾಡಿಯಿಂದ ಬಂದ ಮುದುಕನಿಗೆ ಏನು ಗೊತ್ತು, ಮಾರಾಯರೇ?" ಮಣಿಪಾಲದ ಹುಡುಗರಿಗೆ ಪುಸ್ತಕ ಗೊತ್ತು, ತಾಳಮದ್ದಳೆ ಗೊತ್ತಿಲ್ಲ. ಹಿರಿಯರಿಗೆ ತಾಳಮದ್ದಳೆ ಗೊತ್ತು, ಪುಸ್ತಕ ಗೊತ್ತಿಲ್ಲ. ಮೊದಲ ಸಲ ಕಥಾಸಾರಾಂಶವನ್ನು ಕಾಗದದಲ್ಲಿ ಹಂಚಿದೆವು, ಅದರಲ್ಲಿ ಬಜೆಯ ಎಣ್ಣೆ ಒರೆಸಿಕೊಂಡರು. ಇನ್ನೊಮ್ಮೆ ನಿರೂಪಕನನ್ನು ನಿಲ್ಲಿಸಿದೆವು, ಅವನು ಉಂಗುರದ ಇತಿಹಾಸ ಶುರುಮಾಡಿ ಇಪ್ಪತ್ತು ನಿಮಿಷ ನುಂಗಿದ.

ದಾರಿ ತೋರಿಸಿದ್ದು ಕೊಂಬು. ಬೊರೊಮಿರನ ಬಳಿ ಮನೆತನದ ಬೆಳ್ಳಿಕಟ್ಟಿನ ಕಾಡೆತ್ತಿನ ಕೊಂಬಿದೆ, ತಲೆತಲಾಂತರದಿಂದ ಹಿರಿಮಗನಿಗೆ ಬಂದದ್ದು. ಅವನು ಸತ್ತ ಮೇಲೆ ಅದು ಎರಡು ಹೋಳಾಗಿ ನದಿಯಲ್ಲಿ ಬರುತ್ತದೆ. ಒಂದು ಹೋಳು ಜೊಂಡಿನಲ್ಲಿ, ಇನ್ನೊಂದು ಪ್ರವಾಹದಲ್ಲಿ ಸಿಗುತ್ತದೆ. ತಂದೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾನೆ. ನಾವು ಇದನ್ನೇ ಪ್ರಸಂಗದ ಮೊದಲ ಪದ್ಯವಾಗಿಸಿದೆವು. ಸ್ತುತಿ ಮುಗಿದ ಕೂಡಲೇ ಭಾಗವತರು ಹೋಳಾದ ಕೊಂಬನ್ನು ಹಾಡುತ್ತಾರೆ. ಅದಕ್ಕೆ ಅರ್ಥ ಇಲ್ಲ, ಪದ್ಯ ಮಾತ್ರ. ಎರಡನೆಯ ಪದ್ಯಕ್ಕೆ ಕಥೆ ಎಂಟು ತಿಂಗಳು ಹಿಂದಕ್ಕೆ ಹೋಗುತ್ತದೆ: ಡೆನೆಥೋರನ ಪೀಠಿಕೆಯ ಮಾತು, ಬೊರೊಮಿರ ಬದುಕಿದ್ದಾನೆ, ಕೊಂಬು ಇಡಿಯಾಗಿದೆ. ಇನ್ನು ಚಾವಡಿಯಲ್ಲಿದ್ದವರಿಗೆಲ್ಲ ಕೊನೆ ಗೊತ್ತು, ಅರ್ಥ ಹೇಳುವ ಮೂವರಿಗೆ ಮಾತ್ರ ಗೊತ್ತಿಲ್ಲ. ಬೊರೊಮಿರ ಮಾತಿನ ನಡುವೆ "ಈ ಕೊಂಬು ಊದಿದರೆ ಗೊಂಡೋರಿನ ಗಡಿಯೊಳಗೆ ಎಲ್ಲಿದ್ದರೂ ಸಹಾಯ ಬರುತ್ತದೆ, ತಂದೆಯವರೇ" ಎಂದಾಗ ಹಿಂದಿನ ಸಾಲಿನ ಒಬ್ಬ ಹೆಂಗಸು "ಅಯ್ಯೋ" ಎಂದರು. ಪುಸ್ತಕದ ಹೆಸರನ್ನೂ ಕೇಳಿರದವರು. ಆಕ್ಷೇಪ ಎತ್ತಿದ್ದ ಹಿರಿಯರು ನನ್ನತ್ತ ತಿರುಗಿ ನೋಡಿದರು. ನಾನು ಗಂಭೀರವಾಗಿ ಕೂತಿದ್ದೆ, ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು.

ಆ ಮೊದಲ ಪದ್ಯದ ರಾಗ ಯಾವುದು, ಅದು ಎಲ್ಲಿ ಮರುಕಳಿಸುತ್ತದೆ ಎಂದು ಹಲವರು ಕೇಳಿದ್ದಾರೆ. ಹೇಳುವುದಿಲ್ಲ. ಕೂಟಕ್ಕೆ ಬಂದು ಕೇಳಿ.

ಇದಾದ ಮೇಲೂ ತೊಡಕಿತ್ತು. ಅರ್ಥಧಾರಿಗಳ ನಾಲಿಗೆಗೆ ಪುರಾಣದ ರೂಢಿ. ಗೊಂಡೋರಿನ ಆಸ್ಥಾನದಲ್ಲಿ ಡೆನೆಥೋರ ಕಣ್ಣೊರೆಸಿಕೊಂಡು "ದಶರಥನಿಗಾದ ಗತಿ ನನಗೂ" ಎಂದುಬಿಟ್ಟರು. ಹುಡುಗರು ಬಿದ್ದು ಬಿದ್ದು ನಕ್ಕರು. ಅಂದಿನಿಂದ ದಂಡ: ಪುರಾಣದ ಹೆಸರು ಒಂದಕ್ಕೆ 50 ರೂಪಾಯಿ. ಮೊದಲ ತಿಂಗಳ ಚಹಾದ ಖರ್ಚು ಅದರಲ್ಲೇ ಹೊರಟಿತು. ಬದಲಿಗೆ ಆ ಲೋಕದ್ದೇ ಸರಕು ಒದಗಿಸಿದೆ. ಬಾಲಕ ಬೊರೊಮಿರ, ದೊರೆ ಮರಳದಿದ್ದರೆ ಪಾರುಪತ್ಯಗಾರ ದೊರೆಯಾಗಲು ಎಷ್ಟು ನೂರು ವರ್ಷ ಬೇಕು ಎಂದು ಕೇಳಿದ್ದು, ತಂದೆ ಗೊಂಡೋರಿನಲ್ಲಿ ಹತ್ತು ಸಾವಿರ ವರ್ಷವೂ ಸಾಲದು ಎಂದದ್ದು ಪುಸ್ತಕದಲ್ಲೇ ಇದೆ. ಅಣ್ಣತಮ್ಮಂದಿರು ಓಸ್ಗಿಲಿಯಾಥ್‌ನ ಸೇತುವೆಯನ್ನು ಕೊನೆಯ ತನಕ ಕಾದು, ಅದು ಮುರಿದು ಬಿದ್ದ ಮೇಲೆ ಈಜಿ ಪಾರಾದ ನಾಲ್ವರಲ್ಲಿ ಇಬ್ಬರಾದದ್ದೂ ಇದೆ. ತಾಯಿ ಫಿಂಡುಯಿಲಾಸ್ ತೀರಿಕೊಂಡಾಗ ಚಿಕ್ಕವನಿಗೆ ಐದರ ಪ್ರಾಯ. ಇಷ್ಟಿದ್ದರೆ ಒಬ್ಬ ಒಳ್ಳೆಯ ಅರ್ಥಧಾರಿಗೆ ಒಂದು ರಾತ್ರಿ ಸಾಕು.

ದೊಡ್ಡ ಗಂಡಾಂತರ ಬಂದದ್ದು ಫರಾಮಿರನಿಂದ. ಆ ಪಾತ್ರಕ್ಕೆ ಕೂತವರು ವೃತ್ತಿಯಲ್ಲಿ ವಕೀಲರು. "ಕರೆ ಬಂದದ್ದು ನನಗೆ. ಪತ್ರ ಒಬ್ಬನ ಹೆಸರಿಗೆ ಬಂದರೆ ಇನ್ನೊಬ್ಬ ಒಡೆಯುವುದೇ? ಅಣ್ಣ ಸೇನೆಯ ಬಲಗೈ, ಯುದ್ಧ ಹೊಸ್ತಿಲಲ್ಲಿದೆ, ಈಗ ಅವನನ್ನು ಕಳುಹಿಸುವುದು ರಾಜನೀತಿಯೇ?" ಎಂದು ಎಳೆ ಎಳೆಯಾಗಿ ಬಿಡಿಸಿಟ್ಟರು. ಡೆನೆಥೋರ ಸೋತರು. ಬೊರೊಮಿರ ಸೋತರು. ಕಥೆ ಮುಂದೆ ಹೋಗಬೇಕಾದರೆ ಬೊರೊಮಿರ ಹೊರಡಲೇಬೇಕು, ಆದರೆ ಚಾವಡಿಯ ಒಬ್ಬನಿಗೂ ಅದು ನ್ಯಾಯವೆನಿಸುತ್ತಿಲ್ಲ! ಭಾಗವತರು ಪದ್ಯ ಎತ್ತಿ ಹೇಗೋ ಪಾರುಮಾಡಿದರು. ಆ ರಾತ್ರಿ ಮನೆಗೆ ಬಂದು ಪುಸ್ತಕ ತೆರೆದು ನೋಡಿದೆ: ವಾದದಲ್ಲಿ ಗೆದ್ದೆ ಎಂದು ಬೊರೊಮಿರ ಎಲ್ಲಿಯೂ ಹೇಳಿಲ್ಲ, ವಹಿಸಿಕೊಂಡೆ ಎಂದಿದ್ದಾನೆ, ಅಷ್ಟೇ. ಹಾಗಾದರೆ ತಮ್ಮನೇ ಗೆಲ್ಲಲಿ. ಮುಂದಿನ ಕೂಟದಿಂದ ಫರಾಮಿರನಿಗೆ ಪೂರ್ತಿ ಬಿಟ್ಟುಕೊಟ್ಟೆವು. ಅವರು ಗೆದ್ದು ಸುಮ್ಮನಾದ ಮೇಲೆ ಬೊರೊಮಿರ ಒಂದೇ ಮಾತು ಹೇಳಿ ಹೊರಡುತ್ತಾರೆ, ಉತ್ತರ ಕೊಡಲು ಯಾರಿಗೂ ಎಡೆ ಇಲ್ಲ. ಆ ಮಾತೂ ನಮ್ಮ ಗುಟ್ಟು. ಮೇಷ್ಟ್ರು ಹೊಳೆಸಿದ್ದು, ಹಂಚಿದರೆ ಬೈಯುತ್ತಾರೆ.

ಸಿನಿಮಾ ನೋಡಿದವರ ತಕರಾರು ಬೇರೆ. 2002ರ ಎರಡನೆಯ ಭಾಗದ ವಿಸ್ತೃತ ಆವೃತ್ತಿಯಲ್ಲಿ ಡೆನೆಥೋರ ಬೊರೊಮಿರನನ್ನು ಉಂಗುರ ತರಲು ತಾನೇ ಅಟ್ಟುವ ದೃಶ್ಯವಿದೆ. "ಹಾಗಿದ್ದರೆ ಇದು ಬಿಟ್ಟುಹೋದ ಸನ್ನಿವೇಶ ಹೇಗಾಯಿತು, ಸರ್?" ಎಂದು ಒಬ್ಬ ಹುಡುಗ ಕೇಳಿದ. ಅಲ್ಲಿ ತಂದೆ ಆಸೆಬುರುಕ, ಮಗ ಒಲ್ಲದವನು. ಪುಸ್ತಕದಲ್ಲಿ ತಂದೆಯೇ ಒಲ್ಲದವನು. ನಾವು ಅರ್ಥ ಹೇಳುವುದು ಪುಸ್ತಕಕ್ಕೆ ಎಂದೆ.

ಖರ್ಚು, ನೆನಪಿದ್ದಷ್ಟು: ಭಾಗವತರಿಗೆ 3,500, ಮದ್ದಳೆ ಮತ್ತು ಚೆಂಡೆಗೆ ತಲಾ 2,000, ಮೈಕ್‌ಸೆಟ್ಟಿಗೆ 1,500, ತಿಂಡಿಗೆ ಎರಡೂವರೆಯೋ ಮೂರೋ ಸಾವಿರ. ಚಾವಡಿ ಬಳಗದವರದ್ದೇ, ಅರ್ಥಧಾರಿಗಳು ಹವ್ಯಾಸಿಗಳು. ಹೆಚ್ಚುಕಡಿಮೆ 12,000ದಲ್ಲಿ ಒಂದು ಕೂಟ. ನಾಟಕದ ಥರ್ಮೋಕೋಲ್ ಮತ್ತು ಗಡ್ಡಕ್ಕೆ ಕೊಟ್ಟದ್ದರಲ್ಲಿ ಇನ್ನರ್ಧ ಕೂಟ ಮಾಡಬಹುದಿತ್ತು. ಟಿಕೆಟ್ ಇಡುವುದಿಲ್ಲ, ಪದ್ಯಗಳನ್ನು ಮುದ್ರಿಸುವುದೂ ಇಲ್ಲ. ಟೋಲ್ಕಿನ್ ತೀರಿಕೊಂಡದ್ದು 1973ರಲ್ಲಿ. ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಲೇಖಕರ ಕಾಲಾನಂತರ 60 ವರ್ಷ, ಅಂದರೆ 2033ರ ಕೊನೆಯ ತನಕ. ಇದನ್ನು ಹೇಳಿದ್ದೂ ನಮ್ಮ ಫರಾಮಿರನೇ.

ನಡುವೆ ಒಂದು ಅಡ್ಡ ಪ್ರಯೋಗ. ನಡೆದಾಡುವ ಮರಗಳ ಹೆಂಡಂದಿರು ಕಾಣೆಯಾದ ಕಥೆ ಬಲ್ಲಿರಲ್ಲ. ಗಂಡಂದಿರಿಗೆ ಕಾಡು ಇಷ್ಟ, ಹೆಂಡಂದಿರಿಗೆ ತಾವು ಹೇಳಿದಂತೆ ಬೆಳೆಯುವ ತೋಟ. ಅವರು ಮತ್ತೆ ಸಿಗಬೇಕೆಂದು ಆಸೆಪಡದ ಓದುಗನಿಲ್ಲ. ಸಿಗುವ ಸನ್ನಿವೇಶ ಕೈಗೂಡಲಿಲ್ಲ. ಲೇಖಕರೇ 1954ರ ಒಂದು ಪತ್ರದಲ್ಲಿ ಅವರು ಯುದ್ಧದಲ್ಲಿ ನಾಶವಾದರೆಂದೇ ತಮಗೆ ತೋರುತ್ತದೆ ಎಂದು ಬರೆದಿದ್ದಾರೆ. ಹಾಗಾಗಿ ಅಗಲುವ ದಿನದ ಜಗಳ ಮಾಡಿಸಿದೆವು, ತುಳುವಿನಲ್ಲಿ. ಅಡಿಕೆ ತೋಟದ ಯಜಮಾನರೊಬ್ಬರು ಹೆಂಡತಿಯ ಪಕ್ಷ ವಹಿಸಿ ಬುಡ ಬಿಡಿಸುವುದು, ಸೊಪ್ಪು ಹಾಕುವುದು, ನೀರು ಹಾಯಿಸುವುದು ಎಂದು ಮುಕ್ಕಾಲು ಗಂಟೆ ಅರ್ಥ ಹೇಳಿದರು. ಕಾಡಿನ ಪಕ್ಷದವರಿಗೆ ಬಾಯಿ ತೆರೆಯಲು ಬಿಡಲಿಲ್ಲ. ನಗು ಬಂತು, ಕಥೆ ಬರಲಿಲ್ಲ. ಆದರೂ ಅದನ್ನೇ ಇನ್ನೊಮ್ಮೆ ಮಾಡಿ ಎನ್ನುವವರೇ ಹೆಚ್ಚು.

ಈ ಆಟಿ ತಿಂಗಳಲ್ಲಿ ಡೆನೆಥೋರ ದೂರದರ್ಶಕ ಗೋಲದಲ್ಲಿ ಶತ್ರುವಿನೊಡನೆ ಸೆಣಸುವ ರಾತ್ರಿಯನ್ನು ಎತ್ತಿಕೊಳ್ಳುವ ಯೋಚನೆ ಇದೆ. ಶತ್ರು ಸುಳ್ಳು ಹೇಳಬಾರದು, ನಿಜವನ್ನೇ ಆರಿಸಿ ಆರಿಸಿ ತೋರಿಸಿ ಎದುರಿನವನನ್ನು ಹತಾಶನನ್ನಾಗಿಸಬೇಕು. ಆ ಪಾತ್ರವನ್ನು ಹಿರಿಯರು ತಾವಾಗಿಯೇ ಕೇಳಿ ಪಡೆದಿದ್ದಾರೆ. ದಂಡದ ಮೊತ್ತವನ್ನು ಮಾತ್ರ ಇಳಿಸಬೇಕಂತೆ. ಬಳಗ ಇನ್ನೂ ಒಪ್ಪಿಲ್ಲ.