ಹೊಸ ಫೋನು, ಮಲೆನಾಡಿನ ಸಿಗ್ನಲ್ಲು: ನಾನು ಅನುಸರಿಸುವ ಕ್ರಮ

ಹೊಸ ಫೋನ್ ಬಂದ ಸಂಜೆಯೇ ಹಳೆಯದನ್ನು ಅಳಿಸಿ ಮಕ್ಕಳ ಕೈಗೆ ಕೊಡುವವರು ಮೂಡಿಗೆರೆ ಕಡೆ ಬಹಳ. ನಾನು ಒಂದು ವಾರವಾದರೂ ಹಳೆಯದನ್ನು ಮುಟ್ಟುವುದಿಲ್ಲ. ಫೋಟೋ, ನಂಬರುಗಳು ಹೇಗೂ ಬರುತ್ತವೆ. ತೊಡಕಾಗುವುದು ವಾಟ್ಸಾಪ್ ಮತ್ತು ಬ್ಯಾಂಕಿನದು.

ಮೊದಲ ಸಲ ಆನ್ ಮಾಡಿದಾಗ ಹಳೆ ಫೋನಿನಿಂದ ಕಾಪಿ ಮಾಡಬೇಕೇ ಎಂದು ಕೇಳುತ್ತದೆ. ಅಲ್ಲಿ ಸ್ಕಿಪ್ ಒತ್ತಬೇಡಿ. ಎರಡೂ ತುದಿ ಟೈಪ್-ಸಿ ಇರುವ ಡೇಟಾ ಕೇಬಲ್ ಇದ್ದರೆ ವೈ-ಫೈಗಿಂತ ಬೇಗ ಮುಗಿಯುತ್ತದೆ. ಬರೀ ಚಾರ್ಜಿಂಗ್‌ಗೆಂದು ಮಾಡಿದ ಅಗ್ಗದ ಕೇಬಲ್ ನಡೆಯದು. ಸಿಮ್‌ನಲ್ಲೇ ಉಳಿಸಿದ ಹಳೆಯ ನಂಬರುಗಳನ್ನು ಕಾಂಟ್ಯಾಕ್ಟ್ಸ್ ಆ್ಯಪ್‌ನ 'ಇಂಪೋರ್ಟ್'ನಿಂದ ಗೂಗಲ್ ಖಾತೆಗೆ ಸೇರಿಸಿಬಿಡಿ.

ವಾಟ್ಸಾಪ್‌ಗೆ ಗೂಗಲ್ ಡ್ರೈವ್ ಬ್ಯಾಕಪ್ ನೆಚ್ಚಿಕೊಂಡರೆ ಅದು ಗೂಗಲ್ ಖಾತೆಯ ಉಚಿತ 15 ಜಿಬಿ ಜಾಗವನ್ನೇ ತಿನ್ನುತ್ತದೆ. ಅದಕ್ಕೇ ನಾನು ನೇರ ವರ್ಗಾವಣೆ ಮಾಡುತ್ತೇನೆ. ಹಳೆ ಫೋನಿನಲ್ಲಿ ಸೆಟ್ಟಿಂಗ್ಸ್, ಚಾಟ್ಸ್, 'ಟ್ರಾನ್ಸ್‌ಫರ್ ಚಾಟ್ಸ್' ತೆರೆದಿಟ್ಟು, ಹೊಸದರಲ್ಲಿ ಅದೇ ನಂಬರಿನಿಂದ ನೋಂದಾಯಿಸಿ, ಅಲ್ಲಿ ಕಾಣುವ ಕ್ಯೂಆರ್ ಕೋಡನ್ನು ಹಳೆಯದರಿಂದ ಸ್ಕ್ಯಾನ್ ಮಾಡಬೇಕು. ಇಂಟರ್ನೆಟ್ ಖರ್ಚಾಗದಿದ್ದರೂ ಎರಡರಲ್ಲೂ ವೈ-ಫೈ ಆನ್ ಇರಬೇಕು.

ಇನ್ನು ಯುಪಿಐ. ಹೊಸ ಫೋನಿನಲ್ಲಿ ಆ್ಯಪ್ ತೆರೆದಾಗ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್‌ನಿಂದ ಅದು ತಾನೇ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ. ಆದ್ದರಿಂದ ಸಿಮ್ ಇದೇ ಫೋನಿನಲ್ಲಿರಬೇಕು, ರೀಚಾರ್ಜಿನಲ್ಲಿ ಎಸ್ಸೆಮ್ಮೆಸ್ ಇರಬೇಕು, ಎರಡು ಸಿಮ್ ಇದ್ದರೆ ಸರಿಯಾದದ್ದನ್ನೇ ಆರಿಸಬೇಕು. ಒಂದು ಕಡ್ಡಿ ಸಿಗ್ನಲ್ ಇರುವ ತೋಟದ ಮನೆಯಲ್ಲಿ ಕೂತು ಮಾಡಿದರೆ ಆ ಮೆಸೇಜು ಹೊರಡುವುದೇ ಇಲ್ಲ. ಮತ್ತೆ ಮತ್ತೆ ಒತ್ತಿದರೆ ಆ್ಯಪ್ ಸ್ವಲ್ಪ ಹೊತ್ತು ತಡೆಹಿಡಿಯುವುದೂ ಉಂಟು. ಪೇಟೆಗೆ ಹೋದಾಗ ಮಾಡಿಕೊಳ್ಳುವುದೇ ಲೇಸು. ಫೋನ್ ಬದಲಾದ ಮೊದಲ 24 ಗಂಟೆ ಸಾಮಾನ್ಯವಾಗಿ ₹5,000ದ ಮಿತಿ ಇರುತ್ತದೆ. ಹಾಗಾಗಿ ಆಳುಗಳಿಗೆ ಕೂಲಿ ಬಟವಾಡೆ ಮಾಡುವ ದಿನ ಈ ಕೆಲಸಕ್ಕೆ ಕೈಹಾಕಬಾರದು. ಲಾಗಿನ್ ಆಗುವಾಗ ಬೇಕಾಗುವ ಕೋಡು ತೋರಿಸುವ ಆಥೆಂಟಿಕೇಟರ್ ಆ್ಯಪ್ ಬಳಸುವವರು ಅದರ ಕೋಡುಗಳನ್ನು ಹಳೆ ಫೋನಿನಿಂದ 'ಎಕ್ಸ್‌ಪೋರ್ಟ್' ಮಾಡಿಕೊಂಡೇ ಮುಂದೆ ಹೋಗಿ.

'ಹೊಸ ಫೋನು ಬಿಸಿಯಾಗುತ್ತೆ, ಚಾರ್ಜು ನಿಲ್ಲಲ್ಲ' ಎನ್ನುವ ದೂರು ನಮ್ಮ ಕಡೆ ಹೆಚ್ಚು. ಅಲ್ಲಲ್ಲಿ ಮಾತ್ರ 5ಜಿ ಸಿಗುವ ಜಾಗದಲ್ಲಿ ಫೋನು 5ಜಿ, 4ಜಿಗಳ ನಡುವೆ ತೂಗುಯ್ಯಾಲೆ ಆಡುತ್ತಿರುತ್ತದೆ. ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ 'ಪ್ರಿಫರ್ಡ್ ನೆಟ್‌ವರ್ಕ್' 4ಜಿಗೆ ಇಳಿಸಿದರೆ ಎಷ್ಟೋ ಸಮಾಧಾನ. ವೋಲ್ಟೆ, ಅಂದರೆ 4ಜಿ ಮೂಲಕವೇ ಕರೆ ಹೋಗುವ ಸೌಲಭ್ಯ, ಆನ್ ಇದೆಯೇ ನೋಡಿ. ಜಿಯೋಗೆ 2ಜಿ, 3ಜಿ ಇಲ್ಲವಾದ್ದರಿಂದ ವೋಲ್ಟೆ ಇಲ್ಲದಿದ್ದರೆ ಮಾಮೂಲಿ ಕರೆಯೇ ಹೋಗದು. ಮನೆಗೆ ಫೈಬರ್ ಬಂದಿದ್ದರೆ 'ವೈ-ಫೈ ಕಾಲಿಂಗ್' ಆನ್ ಮಾಡಿ, ಟವರ್ ಸಿಗದ ಕೋಣೆಯಿಂದಲೂ ಮಾತಾಡಬಹುದು. ಬಿಎಸ್ಸೆನ್ನೆಲ್ ನಂಬಿರುವವರು ಕೊಳ್ಳುವ ಮೊದಲೇ ಫೋನಿನ ವಿವರಪಟ್ಟಿಯಲ್ಲಿ ಬ್ಯಾಂಡ್ 28 ಎಂಬ ತರಂಗ ಪಟ್ಟಿ ಇದೆಯೇ ಹುಡುಕಿ. ಅವರ 4ಜಿ ಬಳಸುವ 700 ಮೆಗಾಹರ್ಟ್ಸ್ ಅದೇ, ಗುಡ್ಡಗಾಡಿನಲ್ಲಿ ದೂರ ಹೋಗುವುದೂ ಅದೇ. ಹಳೆಯ 3ಜಿ ಸಿಮ್ ಇದ್ದರೆ 4ಜಿಗೆ ಬದಲಿಸಿಕೊಳ್ಳಬೇಕು.

ಮೆಸೇಜುಗಳು ಫೋನ್ ತೆರೆದಾಗಲೇ ಒಟ್ಟಿಗೆ ಬಂದು ಬೀಳುತ್ತಿದ್ದರೆ ತಪ್ಪು ನೆಟ್‌ವರ್ಕಿನದೇ ಆಗಬೇಕಿಲ್ಲ. ಬ್ಯಾಟರಿ ಉಳಿಸಲು ಫೋನೇ ಆ್ಯಪನ್ನು ಮಲಗಿಸಿರುತ್ತದೆ. ಆ್ಯಪ್ ಇನ್ಫೋ, ಬ್ಯಾಟರಿ, 'ಅನ್‌ರಿಸ್ಟ್ರಿಕ್ಟೆಡ್' ಕೊಡಿ. 'ಆಟೋಸ್ಟಾರ್ಟ್' ಇದ್ದರೆ ಅದನ್ನೂ. ವಾಟ್ಸಾಪ್, ಬ್ಯಾಂಕಿಗೆ ಮಾತ್ರ ಸಾಕು.

ನಿಂತ ಜಾಗದ ಸರ್ವೆ ನಂಬರು ನೋಡಲು ಸರ್ಕಾರದ ದಿಶಾಂಕ್ ಆ್ಯಪ್ ಬಳಸುವವರು ಇದೊಂದನ್ನು ಮರೆಯಬಾರದು. ಆಂಡ್ರಾಯ್ಡ್ 12ರಿಂದೀಚೆಗೆ ಲೊಕೇಶನ್ ಅನುಮತಿ ಕೇಳುವಾಗ 'ಪ್ರಿಸೈಸ್', 'ಅಪ್ರಾಕ್ಸಿಮೇಟ್' ಎಂಬ ಎರಡು ಆಯ್ಕೆ ಬರುತ್ತವೆ. ಎರಡನೆಯದನ್ನು ಒತ್ತಿದರೆ ನೀವಿರುವ ಜಾಗ ಸುಮಾರು 3 ಚದರ ಕಿಲೋಮೀಟರಿನೊಳಗೆ ಎಲ್ಲೋ ಎಂದಷ್ಟೇ ಆ್ಯಪಿಗೆ ತಿಳಿಯುತ್ತದೆ, ತೋರುವುದು ಯಾರದೋ ಜಮೀನು. ಸಿಲ್ವರ್ ಓಕ್ ನೆರಳಿನಡಿ ಜಿಪಿಎಸ್ ಮೊದಲೇ ತಡವರಿಸುತ್ತದೆ; ಬಯಲಿಗೆ ಬಂದು ಒಂದೆರಡು ನಿಮಿಷ ನಿಂತು ನೋಡಿ.

ಪವರ್ ಬಟನ್ ಒತ್ತಿ ಹಿಡಿದರೆ ಆಫ್ ಆಗುವ ಬದಲು ಅಸಿಸ್ಟೆಂಟ್ ಮಾತಾಡಿಸುತ್ತದೆಯೇ? ವಾಲ್ಯೂಮ್ ಅಪ್ ಜೊತೆಗೆ ಒತ್ತಿ. ಕೆಳಗಿನ ಮೂರು ಬಟನ್ ಬೇಕಾದರೆ 'ನ್ಯಾವಿಗೇಶನ್' ಸೆಟ್ಟಿಂಗ್‌ನಲ್ಲಿ ಸಿಗುತ್ತವೆ.

ಬೆರಳಚ್ಚು ಒಗ್ಗದಿದ್ದರೆ ಒಂದೇ ಹೆಬ್ಬೆರಳನ್ನು ಎರಡು ಸಲ ನೋಂದಾಯಿಸಿ. ತೋಟದ ಕೆಲಸದಲ್ಲಿ ಸವೆದ ಬೆರಳಿಗೆ ಅದೂ ಸಾಲದಿದ್ದರೆ ಪಿನ್ನೇ ವಾಸಿ. ಮಳೆಗಾಲದಲ್ಲಿ ಪೋರ್ಟಿನಲ್ಲಿ ತೇವ ಎಂಬ ಎಚ್ಚರಿಕೆ ಬಂದರೆ ಕೇಬಲ್ ತೆಗೆದು, ಪೋರ್ಟು ಕೆಳಮುಖವಾಗಿಸಿ ಗಾಳಿಗಿಡಿ. ಅಕ್ಕಿ ಡಬ್ಬಿಗೆ ಹಾಕಿದರೆ ಪುಡಿ ಒಳಗೆ ಸೇರುತ್ತದೆ. ತೇವವಿದ್ದಾಗ ಚಾರ್ಜಿಗೆ ಹಾಕಿದರೆ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ.

ಎಲ್ಲವೂ ನಡೆಯುತ್ತಿದೆ ಎಂದು ಖಾತ್ರಿಯಾದ ಮೇಲೆ ಹಳೆಯದರ ಸರದಿ. ಮೊದಲು ಗೂಗಲ್ ಖಾತೆ ತೆಗೆದು, ಆಮೇಲೆ ಫ್ಯಾಕ್ಟರಿ ರಿಸೆಟ್. ಖಾತೆ ಉಳಿದಿರುವಾಗ ರಿಕವರಿ ಮೆನುವಿನಿಂದ ಅಳಿಸಿದರೆ ಮುಂದೆ ಪಡೆದವರಿಗೆ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಹೊಸ ಫೋನಿನಲ್ಲಿ *#06# ಒತ್ತಿ ಐಎಂಇಐ (ಫೋನಿನ ಗುರುತು) ಸಂಖ್ಯೆಗಳನ್ನು ಬಿಲ್ಲಿನ ಮೇಲೆ ಬರೆದಿಡಿ. ಕಳೆದುಹೋದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಬ್ಲಾಕ್ ಮಾಡಿಸಲು ಅದು ಬೇಕು.