ಮೂರು ಡೋಸ್ ಆದಮೇಲಿನ ರಕ್ತಪರೀಕ್ಷೆ

ವೈದ್ಯಕೀಯ ವಿದ್ಯಾರ್ಥಿಗಳ ಹೆಪಟೈಟಿಸ್ ಬಿ ಲಸಿಕೆಯ ಜವಾಬ್ದಾರಿ ನನ್ನ ಪಾಲಿಗೆ ಬಂದಾಗ ದಾಖಲೆ ಪುಸ್ತಕದಲ್ಲಿ ‘ಲಸಿಕೆ ಆಗಿದೆಯೇ’ ಎಂಬ ಅಂಕಣ ಮಾತ್ರ ಇತ್ತು. ಅದರ ಪಕ್ಕ ಮೂರನೇ ಡೋಸ್‌ನ ತಾರೀಖು ಮತ್ತು ಟೈಟರ್ (ರಕ್ತದಲ್ಲಿನ ಪ್ರತಿಕಾಯದ ಪ್ರಮಾಣ) ಎಂದು ಇನ್ನೆರಡು ಅಂಕಣ ಎಳೆದೆ. ಆರೋಗ್ಯವಂತ ವಯಸ್ಕರಲ್ಲೂ ನೂರಕ್ಕೆ 5ರಿಂದ 10 ಮಂದಿಗೆ ಮೂರು ಡೋಸ್‌ನಿಂದ ಸಾಕಷ್ಟು ಪ್ರತಿಕಾಯ ಹುಟ್ಟುವುದಿಲ್ಲ. ಅವರು ಯಾರೆಂದು ಮುಖ ನೋಡಿ ಹೇಳಲಾಗದು.

ವಿದ್ಯಾರ್ಥಿಗಳು ಹೆದರುವುದು ಎಚ್‌ಐವಿಗೆ. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದರೆ ಎಚ್‌ಐವಿ ಅಂಟುವ ಸಂಭವ ಶೇ. 0.3ರಷ್ಟು, ರಕ್ಷಣೆ ಇಲ್ಲದವರಿಗೆ ಹೆಪಟೈಟಿಸ್ ಬಿ ಶೇ. 30ರವರೆಗೂ ಅಂಟಬಹುದು. ಒಣಗಿದ ರಕ್ತದಲ್ಲೂ ಈ ವೈರಸ್ 7 ದಿನ ಬದುಕಿರುತ್ತದೆ. ಹಾಗಾಗಿ ವಾರ್ಡಿಗೆ ಕಾಲಿಡುವ ಮೊದಲೇ ಎಲ್ಲ ಮುಗಿದಿರಬೇಕೆಂದು ಹಟ ಹಿಡಿದೆ. 0, 1, 6 ತಿಂಗಳ ಲೆಕ್ಕವಾದ್ದರಿಂದ ಕಾಲೇಜು ಸೇರಿದ ಕೂಡಲೇ ಶುರುಮಾಡಿಸುತ್ತೇನೆ. ತಪ್ಪಿಹೋಗುವುದು ಹೆಚ್ಚಾಗಿ ಮೂರನೆಯದೇ; ಪರೀಕ್ಷೆ, ರಜೆಗಳ ನಡುವೆ ಮರೆತುಬಿಡುತ್ತಾರೆ. ತಡವಾಯಿತೆಂದು ಮೊದಲಿನಿಂದ ಹಾಕಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು. ಚುಚ್ಚುವುದು ಮಾತ್ರ ತೋಳಿಗೇ. ಪೃಷ್ಠಕ್ಕೆ ಕೊಟ್ಟರೆ ಪ್ರತಿಕಾಯ ಸರಿಯಾಗಿ ಏರುವುದಿಲ್ಲ.

ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತ ತೆಗೆಸುತ್ತೇನೆ. ಮಿಲಿಲೀಟರಿಗೆ 10 ಮಿಲಿ ಇಂಟರ್‌ನ್ಯಾಷನಲ್ ಯೂನಿಟ್ ಅಥವಾ ಹೆಚ್ಚು ಬಂದರೆ ಗೆದ್ದಂತೆ. ಮುಂದೆ ಆ ಅಂಕಿ ಇಳಿದರೂ ದೇಹದ ನೆನಪು ಉಳಿಯುತ್ತದೆ. ಆರೋಗ್ಯವಂತರಿಗೆ ಮತ್ತೆ ಮತ್ತೆ ಪರೀಕ್ಷೆ ಬೇಡ.

ನನಗೆ ಹೆಚ್ಚು ಮಾತಾಡಬೇಕಾಗಿ ಬರುವುದು ಶೈಶವದಲ್ಲೇ ಲಸಿಕೆ ಪಡೆದ ವಿದ್ಯಾರ್ಥಿಗಳ ಜೊತೆ. ಇಷ್ಟು ವರ್ಷಗಳ ಮೇಲೆ ನೋಡಿದರೆ ಹಲವರ ಟೈಟರ್ 10ಕ್ಕಿಂತ ಕೆಳಗೆ. ವರದಿ ಕಂಡು ಮುಖ ಬಾಡುತ್ತದೆ. ಲಸಿಕೆ ವ್ಯರ್ಥವಾಗಿಲ್ಲ, ಒಂದು ಡೋಸ್ ಹಾಕಿ ನೋಡೋಣ ಎನ್ನುತ್ತೇನೆ. ಒಂದೆರಡು ತಿಂಗಳ ನಂತರ ನೋಡಿದರೆ ಬಹುತೇಕರಲ್ಲಿ ಟೈಟರ್ ಎದ್ದಿರುತ್ತದೆ. ಏಳದವರಿಗೆ ಇನ್ನೆರಡು ಡೋಸ್, ಮತ್ತೊಂದು ಪರೀಕ್ಷೆ.

ಮೂರು ಮೂರು ಡೋಸ್‌ನ ಎರಡು ಸುತ್ತು ಮುಗಿದರೂ ಟೈಟರ್ 10 ಮುಟ್ಟದಿದ್ದರೆ ಸೋಂಕು ಈಗಾಗಲೇ ಇದೆಯೇ ಎಂದು ನೋಡಲೇಬೇಕು. ಆ ಫಲಿತಾಂಶವನ್ನು ಒಬ್ಬರನ್ನೇ ಕೂರಿಸಿಕೊಂಡು, ಬಾಗಿಲು ಹಾಕಿ ಹೇಳುತ್ತೇನೆ. ಸೋಂಕಿದ್ದರೆ ಚಿಕಿತ್ಸೆಯ ದಾರಿ ತೋರಿಸಬೇಕು, ಓದು ನಿಲ್ಲಿಸುವ ಮಾತು ಯಾರ ಬಾಯಲ್ಲೂ ಬರಬಾರದು. ಸೋಂಕಿಲ್ಲದೆ ಬರೀ ಪ್ರತಿಕಾಯ ಹುಟ್ಟದವರು ಎಂದಿನಂತೆ ವಾರ್ಡಿಗೆ ಹೋಗಲಿ. ಆದರೆ ಹೆಪಟೈಟಿಸ್ ಬಿ ಇರುವ ರೋಗಿಯ ಸೂಜಿ ಚುಚ್ಚಿದರೆ ಅವರಿಗೆ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕು, ಸಾಧ್ಯವಾದರೆ 24 ಗಂಟೆಯೊಳಗೆ. ತಿಂಗಳ ಮೇಲೆ ಇನ್ನೊಮ್ಮೆ. ಇದನ್ನು ಅವರ ಕಾರ್ಡಿನ ಮೇಲೆ ಬರೆದುಕೊಟ್ಟು, ಅದರ ಫೋಟೋ ಫೋನಿನಲ್ಲಿ ಇರಿಸಿಕೊಳ್ಳಲು ಹೇಳುತ್ತೇನೆ. ರಾತ್ರಿ ಪಾಳಿಯಲ್ಲಿ ಸೂಜಿ ಚುಚ್ಚಿಸಿಕೊಂಡು ಬಂದವರನ್ನು ಡ್ಯೂಟಿ ಡಾಕ್ಟರ್ ಮೊದಲು ಕೇಳುವುದೇ ‘ನಿಮ್ಮ ಟೈಟರ್ ಎಷ್ಟು’ ಎಂದು.